ಎತ್ತು ದಾಟುವ ಜಾಗವೇ ಆಕ್ಸ್‌ಫರ್ಡ್

ಆಕ್ಸ್‌ಫರ್ಡ್ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಡಿಕ್ಷನರಿ, ಕೋಟು ಹಾಕಿದ ಪ್ರೊಫೆಸರು ಮತ್ತು ನಮ್ಮ ಮನೆಯವರು ಕಟ್ಟಲಾರದ ಫೀಸು. ಆದರೆ ಹೆಸರನ್ನು ಬಿಡಿಸಿ ನೋಡಿ. ಆಕ್ಸ್ ಎಂದರೆ ಎತ್ತು. ಫೋರ್ಡ್ ಎಂದರೆ ಹೊಳೆಯಲ್ಲಿ ನಡೆದೇ ದಾಟಬಹುದಾದ, ಆಳವಿಲ್ಲದ ಜಾಗ. ಎತ್ತುಗಳನ್ನು ಹೊಳೆ ದಾಟಿಸುವ ಜಾಗ, ಅಷ್ಟೇ. ನಮ್ಮ ಹಾಸನ ಜಿಲ್ಲೆಯಲ್ಲೂ ಎತ್ತಿನಹೊಳೆ ಇದೆ. ಒಂದು ಹೆಸರನ್ನು ಸ್ಕೂಲಿನ ಬೋರ್ಡಿನ ಮೇಲೆ ಬರೆಸುತ್ತೇವೆ, ಇನ್ನೊಂದನ್ನು ಹಳ್ಳಿ ಹೆಸರು ಅನ್ನುತ್ತೇವೆ. ಈ ತಾರತಮ್ಯ ನನಗೆ ಸರಿ ಕಾಣುವುದಿಲ್ಲ.

ನಮ್ಮ ಕಾಲೇಜಿನಲ್ಲಿ ಲಿವರ್‌ಪೂಲ್ ಜೆರ್ಸಿ ಹಾಕುವ ಹುಡುಗರಿದ್ದಾರೆ. ಲಿವರ್‌ಪೂಲ್ ಎಂದರೆ ಕೆಸರು ನೀರಿನ ಮಡು. ಗ್ಯಾಟ್‌ವಿಕ್ ವಿಮಾನ ನಿಲ್ದಾಣದ ಹೆಸರು ಬಂದಿದ್ದು ಮೇಕೆ ಸಾಕುವ ಜಾಗದಿಂದ. ಸ್ವಿಂಡನ್ ಎಂದರೆ ಹಂದಿ ಗುಡ್ಡ. ನಗಬೇಡಿ, ಅವು ಕೀಳು ಹೆಸರುಗಳಲ್ಲ. ಅಲ್ಲಿ ನಿಜವಾಗಿ ಏನಿತ್ತೋ ಅದನ್ನೇ ಹೇಳಿದ ಹೆಸರುಗಳು.

ಸುಮಾರು 1,500 ವರ್ಷಗಳ ಹಿಂದೆ ಇಂಗ್ಲೆಂಡಿಗೆ ಬಂದು ನೆಲೆಸಿದ ಆಂಗ್ಲೋ-ಸ್ಯಾಕ್ಸನ್ ರೈತರ ಕೈಯಲ್ಲಿ ನಕ್ಷೆ ಇರಲಿಲ್ಲ. ಊರಿನ ಹೆಸರೇ ನಕ್ಷೆಯ ಕೆಲಸ ಮಾಡುತ್ತಿತ್ತು. ಮಾರ್ಗರೆಟ್ ಗೆಲ್ಲಿಂಗ್ ಎಂಬ ವಿದ್ವಾಂಸೆ 1984ರ ‘ಪ್ಲೇಸ್-ನೇಮ್ಸ್ ಇನ್ ದ ಲ್ಯಾಂಡ್‌ಸ್ಕೇಪ್’ ಪುಸ್ತಕದಲ್ಲಿ ವಿವರಿಸಿದ್ದು ಇದನ್ನೇ. ನಾವು ಎಲ್ಲದಕ್ಕೂ ವ್ಯಾಲಿ ಎಂದು ಹೇಳಿ ಮುಗಿಸುತ್ತೇವೆ. ಅವರಿಗೆ ಉದ್ದಕ್ಕೆ ಸಾಗುವ ಕಣಿವೆ ‘ಡೆನು’. ಮೂರು ಕಡೆ ಗುಡ್ಡ ಸುತ್ತಿದ, ಬಟ್ಟಲಿನಂಥ ಗಿಡ್ಡ ಕಣಿವೆ ‘ಕೂಂಬ್’. ಗುಡ್ಡಗಳಿಗೂ ಹಾಗೆಯೇ. ಮೇಲೆ ಊರು ಕಟ್ಟಬಹುದಾದಷ್ಟು ಅಗಲವಿದ್ದರೆ ‘ಡೂನ್’, ಕಾಲಿನ ಹಿಮ್ಮಡಿಯಂತೆ ಚಾಚಿಕೊಂಡಿದ್ದರೆ ‘ಹೋಹ್’. ಇವತ್ತಿಗೂ ಇಂಗ್ಲಿಷ್ ಊರುಗಳ ಹೆಸರಿನ ಕೊನೆಯಲ್ಲಿ ಬರುವ ‘ಡೆನ್’, ‘ಕೂಂಬ್’, ‘ಡನ್’ಗಳಲ್ಲಿ ಅನೇಕವು ಈ ಪದಗಳೇ. ಗುರುತಿಲ್ಲದ ಊರಿಗೆ ಹೊರಟವನಿಗೆ ಹೆಸರು ಕೇಳಿದರೆ ಸಾಕು, ಮುಂದೆ ಏರು ಇದೆಯೋ, ಹೊಳೆ ದಾಟಲು ದಾರಿ ಇದೆಯೋ ತಿಳಿಯುತ್ತಿತ್ತು.

ಆ ಕಾಲ ಮುಗಿಯಿತು, ಈಗ ಫೋನಿನಲ್ಲಿ ನಕ್ಷೆ ಇದೆ ಎನ್ನಬಹುದು. ಹಾಗಾದರೆ ಮಚೆಲ್ನಿ ಎಂಬ ಊರಿನ ಕಥೆ ಕೇಳಿ. ಅದು ಸಾಮರ್ಸೆಟ್ ಕೌಂಟಿಯ ತಗ್ಗು ಪ್ರದೇಶದಲ್ಲಿದೆ. ಹೆಸರಿನ ಕೊನೆಯ ‘ಎಯ್’ ಎಂದರೆ ದ್ವೀಪ, ಇಡೀ ಹೆಸರಿನ ಅರ್ಥ ‘ದೊಡ್ಡ ದ್ವೀಪ’. ಸಮುದ್ರ ಅಲ್ಲಿಂದ ದೂರ, ಸುತ್ತ ಹೊಲಗದ್ದೆ, ಓಡಾಡಲು ಒಳ್ಳೆಯ ರಸ್ತೆ. ದ್ವೀಪ ಎಲ್ಲಿಂದ ಬಂತು? 2014ರ ಆರಂಭದ ಪ್ರವಾಹದಲ್ಲಿ ಸುತ್ತಲಿನ ರಸ್ತೆಗಳೆಲ್ಲ ಮುಳುಗಿದವು. ಊರಿನವರು ವಾರಗಟ್ಟಲೆ ದೋಣಿಯಲ್ಲಿ ಓಡಾಡಿದರು. ಸಾವಿರ ವರ್ಷಕ್ಕೂ ಹಳೆಯ ಹೆಸರು ಒಂದೇ ಚಳಿಗಾಲದಲ್ಲಿ ನಿಜವಾಯಿತು.

ಲಂಡನ್ನಿನಲ್ಲೂ ಹೀಗೆಯೇ. ಪತ್ರಿಕೆಗಳಿಗೆ ಹೆಸರಾಗಿದ್ದ ಫ್ಲೀಟ್ ಸ್ಟ್ರೀಟ್ ಎಂಬುದು ಫ್ಲೀಟ್ ಎಂಬ ನದಿಯ ಹೆಸರು. ನದಿಯನ್ನು ಮುಚ್ಚಿ ನೆಲದಡಿಯ ಚರಂಡಿ ಮಾಡಿದರು, ಮೇಲೆ ಹೆಸರು ಮಾತ್ರ ಉಳಿದಿದೆ.

ಹಾಗೆಂದು ಕೇಳಿದ ಹೆಸರನ್ನೆಲ್ಲ ನಂಬುವಂತಿಲ್ಲ. ಚೆಲ್ಸಿ ಎಂಬಲ್ಲಿ ‘ಸೀ’ ಇಲ್ಲ. ಅದು ಸುಣ್ಣಕಲ್ಲನ್ನು ದೋಣಿಯಿಂದ ಇಳಿಸುತ್ತಿದ್ದ ಜಾಗ. ಕೇಂಬ್ರಿಜ್ ಊರಿಗೆ ಕ್ಯಾಮ್ ನದಿಯಿಂದ ಹೆಸರು ಬಂತು ಎಂದು ಎಲ್ಲರೂ ತಿಳಿಯುತ್ತಾರೆ. ನಿಜ ಉಲ್ಟಾ ಇದೆ. ನದಿಯ ಹಳೆಯ ಹೆಸರು ಗ್ರ್ಯಾಂಟಾ. ಅದರ ಸೇತುವೆಯಿಂದ ಬಂದ ಊರ ಹೆಸರು ಜನರ ಬಾಯಲ್ಲಿ ಸವೆದು ಕೇಂಬ್ರಿಜ್ ಆಯಿತು, ಆಮೇಲೆ ನದಿಯನ್ನೇ ಕ್ಯಾಮ್ ಎಂದು ಕರೆದರು. ಇನ್ನು ‘ರಿವರ್ ಏವನ್’ ಎಂಬುದರಲ್ಲಿ ಏವನ್ ಎಂದರೇ ನದಿ, ಆಂಗ್ಲೋ-ಸ್ಯಾಕ್ಸನ್ನರಿಗಿಂತ ಮೊದಲು ಇದ್ದವರ ಭಾಷೆಯಲ್ಲಿ. ಅಂದರೆ ‘ನದಿ ನದಿ’. ನಮ್ಮ ಮನೆಯಲ್ಲಿ ದಾದಿ ‘ಆಬ್-ಎ-ಜಮ್‌ಜಮ್ ಕಾ ಪಾನಿ’ ಎನ್ನುತ್ತಾರಲ್ಲ, ಹಾಗೆ. ಆಬ್ ಎಂದರೂ ನೀರು, ಪಾನಿ ಎಂದರೂ ನೀರು. ಪಂಜಾಬ್ ಎಂಬಲ್ಲಿರುವ ‘ಆಬ್’ ಕೂಡ ಇದೇ, ಐದು ನೀರುಗಳ ನಾಡು. ಉರ್ದು ಮಾತಾಡುವ ನಮಗೆ ಇದು ತಕ್ಷಣ ಕಿವಿಗೆ ಬೀಳಬೇಕಿತ್ತು. ಬೀಳುವುದಿಲ್ಲ, ಏಕೆಂದರೆ ಹೆಸರಿಗೆ ಅರ್ಥವಿರುತ್ತದೆ ಎಂದು ಯಾರೂ ನಮಗೆ ಹೇಳಿಕೊಡುವುದಿಲ್ಲ.

ಅಕೌಂಟೆನ್ಸಿಯಲ್ಲಿ ಗುಡ್‌ವಿಲ್ ಎಂಬ ಆಸ್ತಿ ಬರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಬೆಲೆ ಇದೆ. ಇಂಗ್ಲಿಷ್ ಊರ ಹೆಸರುಗಳನ್ನು ನಾವು ಬಳಸುತ್ತಿರುವುದು ಹೀಗೆ, ಬರೀ ಗುಡ್‌ವಿಲ್‌ಗಾಗಿ. ಬೆಂಗಳೂರಿನ ವೈಟ್‌ಫೀಲ್ಡ್ ವಿಷಯ ಬೇರೆ. ಅಲ್ಲಿ ಬಿಳಿ ಹೊಲವಿರಲಿಲ್ಲ, ಆಂಗ್ಲೋ-ಇಂಡಿಯನ್ನರಿಗಾಗಿ ಆ ಊರನ್ನು ಕಟ್ಟಿಸಿದ ವೈಟ್ ಎಂಬವರ ಹೆಸರು ಅದು. ನಾನು ಹೇಳುತ್ತಿರುವುದು ಮರವಿಲ್ಲದ ‘ವುಡ್ಸ್’, ಗುಡ್ಡವಿಲ್ಲದ ‘ಹಿಲ್ಸ್’ ಬಗ್ಗೆ. ಗೆಲ್ಲಿಂಗ್ ಅವರ ರೈತರು ಇದನ್ನು ಸುಳ್ಳು ಎನ್ನುತ್ತಿದ್ದರು.

ಇದರಲ್ಲಿ ಹಣದ ಪ್ರಶ್ನೆಯೂ ಇದೆ. ಅಬ್ಬಾ ಎಂಟು ವರ್ಷ ಚೀಟಿ ಕಟ್ಟಿದ ದುಡ್ಡಿನಲ್ಲಿ ಒಂದು 30–40 ಸೈಟ್ ನೋಡುತ್ತಿದ್ದಾರೆ. ತೋರಿಸಿದ ಲೇಔಟಿನ ಹೆಸರು ‘ಮೆಡೋಸ್’ ಎಂದು ಮುಗಿಯುತ್ತದೆ. ಮೆಡೋ ಎಂದರೆ ಹುಲ್ಲು ಕೊಯ್ಯಲು ಬಿಟ್ಟ ಜಮೀನು. ಇಂಗ್ಲೆಂಡಿನಲ್ಲಿ ಅದು ಹೆಚ್ಚಾಗಿ ಹೊಳೆ ಪಕ್ಕದ ತಗ್ಗಿನಲ್ಲಿರುತ್ತದೆ. ಆಕ್ಸ್‌ಫರ್ಡಿನ ಪೋರ್ಟ್ ಮೆಡೋದಲ್ಲಿ ಚಳಿಗಾಲದಲ್ಲಿ ನೀರು ನಿಲ್ಲುತ್ತದೆ. ಬ್ರೋಷರ್ ಮಾಡಿದವರಿಗೆ ಇದು ಗೊತ್ತಿರಲಿಕ್ಕಿಲ್ಲ. ಪಕ್ಕದ ಹಳ್ಳಿಯ ಹಿರಿಯರು ಆ ಜಾಗವನ್ನು ಈಗಲೂ ಹಳ್ಳದ ಹೊಲ ಎಂದೇ ಕರೆಯುತ್ತಾರೆ. ಈ ಮಳೆಗಾಲ ಮುಗಿಯುವವರೆಗೆ ಅಡ್ವಾನ್ಸ್ ಕೊಡಬೇಡಿ ಎಂದು ನಾನು ಅಬ್ಬಾಗೆ ಹೇಳಿದ್ದೇನೆ.