ಬಂಡೆಯ ಬರಹ ಮತ್ತು ಪಾಠಶೋಧನೆ

ಬಾದಾಮಿಗೆ ಪ್ರವಾಸ ಹೋದ ವಿದ್ಯಾರ್ಥಿಗಳು ಮೂರನೆಯ ಗುಹೆಯಲ್ಲಿ ಮಂಗಲೇಶನು ಬರೆಸಿದ, ಕ್ರಿ.ಶ. 578ರ ಶಾಸನವನ್ನು ಕಂಡು ಅದರ ಕಾಲವನ್ನು ಬರೆದುಕೊಳ್ಳುತ್ತಾರೆ. ಆ ಅಕ್ಷರಗಳನ್ನು ಹೊತ್ತು ನಿಂತ ಮರಳುಗಲ್ಲಿಗೂ ಒಂದು ಕಾಲವುಂಟು, ಅದರಲ್ಲಿಯೂ ಓದತಕ್ಕ ಬರಹವುಂಟು ಎಂಬುದನ್ನು ಅವರಿಗೆ ತಿಳಿಸುವ ಅಧ್ಯಾಪಕರು ವಿರಳ. ಬಂಡೆಯ ಓರೆ ಪದರಗಳು ಪ್ರಾಚೀನ ಪ್ರವಾಹದ ದಿಕ್ಕನ್ನು ಹೇಳುತ್ತವೆ. ತೆರೆಯ ಗುರುತುಗಳು ಮರಳಿನ ಮೇಲೆ ನೀರಾಡಿದುದನ್ನು ಸಾರುತ್ತವೆ. ಈ ಶಿಲೆ ಪ್ರಾಣಿಗಳ ಉದಯಕ್ಕಿಂತಲೂ ಹಳೆಯದೆಂಬುದು ಭೂವಿಜ್ಞಾನಿಗಳ ಸಾಮಾನ್ಯ ಅಭಿಪ್ರಾಯ. ಆದುದರಿಂದ ಇಲ್ಲಿ ನೀರಿನ ಲಿಪಿ ದೊರೆತೀತೇ ಹೊರತು ಹುಳುವಿನ ಲಿಪಿಯನ್ನು ನಿರೀಕ್ಷಿಸಲಾಗದು.

ಹುಳುವಿಗೂ ಲಿಪಿಯೇ ಎಂದು ನಗಬೇಕಾಗಿಲ್ಲ. ಮೆತ್ತನೆಯ ದೇಹದ ಜೀವಿ ಸತ್ತರೆ ಅದರ ಒಡಲು ಉಳಿಯುವುದು ಅಪರೂಪ. ಆದರೆ ಅದು ಕೆಸರಿನಲ್ಲಿ ಕೊರೆದ ಬಿಲದೊಳಕ್ಕೆ ಬೇರೆ ಮರಳು ತುಂಬಿ ಗಟ್ಟಿಯಾದರೆ ಜಾಡು ಮಾತ್ರ ಕಲ್ಲಾಗಿ ನಿಲ್ಲುತ್ತದೆ. ಇದೇ ಕುರುಹು ಪಳೆಯುಳಿಕೆ. ಇದು ಜೀವಿಯ ರೂಪವನ್ನಲ್ಲ, ನಡತೆಯನ್ನು ಹೇಳುತ್ತದೆ. ಒಂದೇ ಪ್ರಾಣಿ ನಡೆದಾಗ ಒಂದು ಗುರುತು, ತಂಗಿದಾಗ ಮತ್ತೊಂದು. ಭಿನ್ನ ಪ್ರಾಣಿಗಳಿಂದ ಒಂದೇ ಬಗೆಯ ಗುರುತೂ ಆದೀತು. ಅದಕ್ಕಾಗಿಯೇ ವಿಜ್ಞಾನಿಗಳು ಪ್ರಾಣಿಗೊಂದು, ಜಾಡಿಗೊಂದು ಹೆಸರನ್ನು ಬೇರೆಬೇರೆಯಾಗಿ ಇಡುತ್ತಾರೆ. ಜೀವವಿಲ್ಲದೆಯೇ ಇಂಥ ಗೆರೆಗಳು ಮೂಡುವುದೂ ಉಂಟು. ಓದುವವನು ಜಾರುವುದು ಇಲ್ಲಿಯೇ.

ಮಧ್ಯಪ್ರದೇಶದ ವಿಂಧ್ಯ ಶಿಲಾಸಮೂಹದ ಚೋರ್‌ಹಟ್ ಮರಳುಗಲ್ಲಿನಲ್ಲಿ ನೂರು ಕೋಟಿ ವರ್ಷಗಳಿಗೂ ಹಿಂದಿನ ಹುಳುಗಳ ಜಾಡು ಕಂಡಿತೆಂದು 1998ರಲ್ಲಿ ಜರ್ಮನಿಯ ಪ್ರಸಿದ್ಧ ವಿದ್ವಾಂಸ ಅಡಾಲ್ಫ್ ಸೈಲಾಕರ್ ಮತ್ತು ಸಂಗಡಿಗರು ಪ್ರಕಟಿಸಿದರು. 2002ರಲ್ಲಿ ಅಲ್ಲಿಯ ಜ್ವಾಲಾಮುಖಿ ಬೂದಿಯ ಪದರಗಳ ಕಾಲನಿರ್ಣಯವಾದಾಗ ಬಂಡೆಯ ವಯಸ್ಸು ಸುಮಾರು 160 ಕೋಟಿ ವರ್ಷವೆಂದು ತಿಳಿಯಿತು. ಎಲ್ಲರೂ ಒಪ್ಪುವ ಪ್ರಾಣಿಜಾಡುಗಳು 60 ಕೋಟಿ ವರ್ಷಗಳಿಗಿಂತ ಈಚಿನವು. ವಯಸ್ಸು ಏರಿದಷ್ಟೂ ಹುಳುವಿನ ಮೇಲಿನ ನಂಬಿಕೆ ಇಳಿಯಿತು.

ಭೀಮಬೇಟ್ಕಾದ ಪ್ರಸಂಗ ಇನ್ನೂ ಸ್ವಾರಸ್ಯಕರ. ಅಲ್ಲಿಯ ಗುಹೆಯೊಂದರ ಮೇಲ್ಭಾಗದಲ್ಲಿ ಡಿಕಿನ್‌ಸೋನಿಯ ಎಂಬ ಪುರಾತನ ಜೀವಿಯ ಅಚ್ಚು ಇದೆಯೆಂದು 2021ರಲ್ಲಿ ಗ್ರೆಗರಿ ರಿಟಾಲಕ್ ಮತ್ತು ಸಂಗಡಿಗರು ಸಾರಿದರು, ಪತ್ರಿಕೆಗಳೆಲ್ಲ ಕೊಂಡಾಡಿದವು. 2023ರಲ್ಲಿ ಜೋಸೆಫ್ ಮೀರ್ಟ್ ಅವರ ತಂಡ ಪುನಃ ಪರಿಶೀಲಿಸಿ, ಅದು ಬಂಡೆಗಂಟಿದ್ದ ಜೇನುಗೂಡಿನ ಅವಶೇಷವೆಂದೂ, ಆಗಲೇ ಕಳಚಿ ಉದುರುತ್ತಿದೆಯೆಂದೂ ತೋರಿಸಿತು. ರಿಟಾಲಕ್ ತಮ್ಮ ತಪ್ಪನ್ನು ಒಪ್ಪಿಕೊಂಡರು. ತಾಳೆಗರಿಯ ಗೆದ್ದಲು ತೂತನ್ನು ಅಕ್ಷರವೆಂದು ಓದಿ ಅದಕ್ಕೆ ವ್ಯಾಖ್ಯಾನವನ್ನೂ ಬರೆದ ಪಂಡಿತರುಂಟು. ಆದರೆ ಅವರೆಲ್ಲರೂ ಇಷ್ಟು ಬೇಗ ಪಾಠವನ್ನು ಹಿಂತೆಗೆದುಕೊಂಡವರಲ್ಲ!

ಶಾಲೆಗಳಲ್ಲಿ ವಿಜ್ಞಾನವನ್ನು ಕೊನೆಗೆ ಸ್ಥಿರವಾದ ಪಾಠವಾಗಿ ಮಾತ್ರ ಕಲಿಸುವ ವಾಡಿಕೆ ಸರಿಯಲ್ಲ. ತಿದ್ದುವ ಮುಂಚಿನ ಪಾಠವನ್ನೂ, ಅದು ಬಿದ್ದುಹೋದ ಕಾರಣವನ್ನೂ ಕೂಡಿಯೇ ಬೋಧಿಸಬೇಕು. ಹಾಗೆ ಮಾಡಿದರೆ ಮಕ್ಕಳಿಗೆ ಗೊಂದಲವಾದೀತೆಂಬ ಆಕ್ಷೇಪವುಂಟು. ಪರೀಕ್ಷೆಯಲ್ಲಿ ಒಂದೆರಡು ಅಂಕ ತಪ್ಪಿದರೂ ತಪ್ಪಲಿ; ಗುರುತನ್ನು ಕಂಡೊಡನೆ ಹೆಸರಿಡದೆ ಒಂದು ಗಳಿಗೆ ತಡೆಯುವ ಅಭ್ಯಾಸ ಅವರಿಗೆ ಮತ್ತೆಲ್ಲಿಯೂ ದೊರೆಯದು.

ಪ್ರವಾಸದಲ್ಲಿ ಒಂದು ಗಂಟೆಯನ್ನು ಇದಕ್ಕೆ ಮೀಸಲಿಡಬಹುದು. ಪಟ್ಟದಕಲ್ಲಿನ ಬಳಿ ಮಲಪ್ರಭೆಯ ಒದ್ದೆ ಮರಳಿನಲ್ಲಿ ಇಂದು ಮೂಡಿದ ತೆರೆಯ ಗುರುತನ್ನೂ ಹುಳುವಿನ ಹಾದಿಯನ್ನೂ ಮೊದಲು ತೋರಿಸಿ, ಬಳಿಕ ಬಾದಾಮಿಯ ಬಂಡೆಯ ಮುಂದೆ ಮಕ್ಕಳನ್ನು ನಿಲ್ಲಿಸುವುದು ಲೇಸು. ಇದಕ್ಕೆ ಪ್ರಯೋಗಶಾಲೆ ಬೇಡ. ದಾನಿಗಳನ್ನು ಕೇಳಬೇಕಾದುದು ಹತ್ತಾರು ಭೂತಗನ್ನಡಿಗಳನ್ನು ಮಾತ್ರ.