ಬುದ್ಧಿ ಕಡಿಮೆ ಇಲ್ಲ, ಸುದ್ದಿ ಕಡಿಮೆ

"ಎಂಎಸ್ಸಿ ಮುಗೀತ್ರಿ. ಪಿಎಚ್‌ಡಿ ಮಾಡಬೇಕಂದ್ರ ಎಷ್ಟು ರೊಕ್ಕ ಬೇಕಾಗ್ತದ್ರಿ?"

ನಮ್ಮ ಲಚ್ಯಾಣ, ಇಂಡಿ, ಸಿಂದಗಿ ಕಡೆಯ ಹುಡುಗರು ಮೊದಲು ಕೇಳೋದು ಇದನ್ನೇ. ಪ್ರಶ್ನೆಯೇ ಉಲ್ಟಾ ಆಗಿದೆ ನೋಡಿ. ವಿಜ್ಞಾನದಲ್ಲಿ ಸರಿಯಾದ ಕಡೆ ಪಿಎಚ್‌ಡಿಗೆ ಸೇರಿದರೆ ರೊಕ್ಕ ಕೊಡುವವರು ಅವರು, ನಾವಲ್ಲ. ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಸಿಕ್ಕರೆ, 2023ರ ಜನವರಿಯಿಂದ ಅನ್ವಯವಾಗುವಂತೆ ಏರಿಸಿದ ದರದಂತೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಜರ್ಮನಿ, ಸ್ವೀಡನ್‌ಗಳಲ್ಲಂತೂ ಪಿಎಚ್‌ಡಿ ಅಂದರೆ ಬಹುಪಾಲು ಸಂಬಳದ ನೌಕರಿಯೇ.

ಬೆಂಗಳೂರಿನ ಹುಡುಗರಿಗೆ ಇದೆಲ್ಲ ಕ್ಯಾಂಟೀನಿನಲ್ಲೇ ಗೊತ್ತಾಗಿಬಿಡುತ್ತದೆ. ಜೆಇಎಸ್‌ಟಿ ಬರೆದರೆ ಭೌತವಿಜ್ಞಾನಕ್ಕೆ ಎಲ್ಲೆಲ್ಲಿ ಬಾಗಿಲು ತೆರೆಯುತ್ತದೆ, ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಯಾವಾಗ, ನೆಟ್ ಆಗದಿದ್ದರೂ ಪ್ರಾಜೆಕ್ಟ್ ಕೆಲಸಕ್ಕೆ ಸೇರಿ ಲ್ಯಾಬ್ ಕಲಿಯೋದು ಹೇಗೆ... ನಮ್ಮ ಕಡೆ ಇದನ್ನು ಹೇಳುವವರೇ ಇಲ್ಲ. ಗೊತ್ತಾಗುವಷ್ಟರಲ್ಲಿ ಕೊನೆಯ ದಿನಾಂಕ ದಾಟಿರುತ್ತದೆ, ಹುಡುಗ ಬಿ.ಎಡ್. ಸೇರಿರುತ್ತಾನೆ. ಹುಡುಗಿಗೆ ಲಗ್ನ ಗೊತ್ತಾಗಿರುತ್ತದೆ!

ಇನ್ನು ಪತ್ರ ಬರೆಯುವ ವಿಷಯ. "ರೆಸ್ಪೆಕ್ಟೆಡ್ ಸರ್, ನನಗೊಂದು ಸೀಟು ಕೊಡಿ" ಅಂತ ನೂರು ಪ್ರೊಫೆಸರ್‌ಗಳಿಗೆ ಒಂದೇ ಮೇಲ್ ಕಳಿಸಿದರೆ ಯಾರೂ ಓದುವುದಿಲ್ಲ. ಒಬ್ಬರದೇ ಎರಡು ಪ್ರಬಂಧ ಓದಿ, ಅದರಲ್ಲಿ ನಮಗೆದ್ದ ಪ್ರಶ್ನೆ ಏನು, ನಮಗೆ ಬರುವ ಕೆಲಸ ಏನು ಅಂತ ಹತ್ತು ಸಾಲು ಬರೆದರೆ ಉತ್ತರ ಬರುವ ಸಾಧ್ಯತೆ ಇದೆ. ಪೋಸ್ಟ್‌ಡಾಕ್‌ಗೆ ಇದು ಇನ್ನೂ ಮುಖ್ಯ. ಹಂಬೋಲ್ಟ್ ಇರಲಿ, ಮೇರಿ ಕ್ಯೂರಿ ಇರಲಿ, ಮೊದಲು ಕರೆಸಿಕೊಳ್ಳುವ ಲ್ಯಾಬ್ ಒಪ್ಪಬೇಕು, ಆಮೇಲೆ ಅರ್ಜಿ. ಥೀಸಿಸ್ ಕೊಟ್ಟ ಮೇಲೆ ಹುಡುಕಲು ಶುರು ಮಾಡಿದರೆ ತಡವಾದಂತೆಯೇ.

ಪಿಎಚ್‌ಡಿ ಮಾಡಿದರೆ ಬಂಗಾರದ ಬದುಕು ಅಂತ ನಾನೇನೂ ಹೇಳುತ್ತಿಲ್ಲ. ಫೆಲೋಶಿಪ್ ತಿಂಗಳುಗಟ್ಟಲೆ ತಡವಾಗುವುದುಂಟು, ಮುಗಿದ ಮೇಲೆ ಕಾಯಂ ಹುದ್ದೆಗಳೂ ಕಡಿಮೆ. ಆದರೆ ಗೊತ್ತಿದ್ದು ಬೇಡ ಅನ್ನುವುದು ಬೇರೆ, ಗೊತ್ತೇ ಇಲ್ಲದೆ ತಪ್ಪಿಹೋಗುವುದು ಬೇರೆ.

2024ರ ಏಪ್ರಿಲ್‌ನಲ್ಲಿ ಕೊಳವೆಬಾವಿಗೆ ಬಿದ್ದ ಮಗುವನ್ನು ಜೀವಂತ ಹೊರತೆಗೆದಾಗ ಲಚ್ಯಾಣದ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಟಿವಿಯವರು ಬಂದರು, ಹೋದರು. ನೆಲದಡಿಯ ನೀರಿನ ಪ್ರಶ್ನೆ ಮಾತ್ರ ಇಲ್ಲೇ ಉಳಿಯಿತು. ನೆಟ್‌ನ ಐದು ವಿಷಯಗಳಲ್ಲಿ ಭೂವಿಜ್ಞಾನವೂ ಒಂದು. 2023ರಲ್ಲಿ ಜಿಐ ಮಾನ್ಯತೆ ಪಡೆದ ಇಂಡಿ ಲಿಂಬೆಯ ಮೇಲೂ ಎಷ್ಟೋ ಸಂಶೋಧನೆ ಮಾಡಬಹುದು. ಅದನ್ನು ಮಾಡುವವರು ಈ ಮಣ್ಣಿನವರೇ ಯಾಕಾಗಬಾರದು?

ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷು, ಹಿಂದಿಯಲ್ಲಿ ಬರುತ್ತದೆ, ಕನ್ನಡದಲ್ಲಿಲ್ಲ. ಅದಕ್ಕಾಗಿ ಜಗಳ ಮಾಡೋಣ, ಮಾಡಲೇಬೇಕು. ಆದರೆ ದಾರಿ ಯಾವುದು ಅಂತ ಕನ್ನಡದಲ್ಲಿ ಹೇಳಲು ಯಾರ ಅಪ್ಪಣೆಯೂ ಬೇಡವಲ್ಲ? ನಿಮ್ಮಲ್ಲಿ ಪಿಎಚ್‌ಡಿ, ಪೋಸ್ಟ್‌ಡಾಕ್ ಮಾಡಿದವರು ಸಾಕಷ್ಟು ಮಂದಿ ಇದ್ದೀರಿ. ಯಾವ ಪರೀಕ್ಷೆ ಬರೆದಿರಿ, ಯಾರಿಗೆ ಏನಂತ ಪತ್ರ ಹಾಕಿದಿರಿ, ಎಷ್ಟು ಕಡೆ "ಇಲ್ಲ" ಅನ್ನಿಸಿಕೊಂಡಿರಿ... ಒಂದೊಂದು ಪುಟ ಬರೀರಿ. ಪ್ರವಾಸಕಥನದಷ್ಟೇ ರುಚಿಯಾಗಿರುತ್ತದೆ, ಒಬ್ಬ ಹುಡುಗಿಗಾದರೂ ಉಪಯೋಗಕ್ಕೆ ಬರುತ್ತದೆ.

ಏನಂತೀರಿ?