ಬೀಗದ ಕೈ ಬಂತು, ಓ.ಸಿ. ಎಲ್ಲಿ?

ಮಗಳು ಬೆಂಗಳೂರಿನಲ್ಲಿ ಓದುತ್ತಿದ್ದಾಳೆ, ಹಾಸ್ಟೆಲಿಗೆ ಸುರಿಯುವ ಹಣದಲ್ಲಿ ಫ್ಲ್ಯಾಟಿನ ಕಂತನ್ನೇ ಕಟ್ಟಬಹುದಲ್ಲ ಎಂದು ಲೆಕ್ಕ ಹಾಕುವ ತಂದೆತಾಯಿ ಹಲವರು. ಲೆಕ್ಕ ಸರಿಯೋ ತಪ್ಪೋ, ಅದು ಬೇರೆ ಮಾತು. ಅವರು ಗೋಡೆ, ಬಾಲ್ಕನಿ ನೋಡುತ್ತಾರೆ, ಓ.ಸಿ., ಅಂದರೆ ಸ್ವಾಧೀನಾನುಭವ ಪತ್ರವನ್ನು ಕೇಳುವುದಿಲ್ಲ. ಕಟ್ಟಡ ಮಂಜೂರಾದ ನಕ್ಷೆಯಂತೆ ಇದೆ, ವಾಸಕ್ಕೆ ಯೋಗ್ಯ ಎಂದು ಸ್ಥಳೀಯ ಸಂಸ್ಥೆ ಕೊಡುವ ಪತ್ರವದು.

ತರುವ ಹೊಣೆ ಯಾರದು? ಬಿಲ್ಡರನದೇ ಎನ್ನುತ್ತದೆ 2016ರ ರೇರಾ ಕಾಯ್ದೆಯ 11ನೇ ಕಲಮು. ಪತ್ರ ಬಂದ ಎರಡು ತಿಂಗಳೊಳಗೆ ಮನೆಯನ್ನು ವಶಕ್ಕೆ ಪಡೆಯುವುದು ಮಾತ್ರ ಕೊಂಡವರ ಕರ್ತವ್ಯ. ಕರಾರಿನಲ್ಲಿ 'ಓ.ಸಿ.ಯನ್ನು ಕೊಳ್ಳುವವರೇ ಪಡೆದುಕೊಳ್ಳತಕ್ಕದ್ದು' ಎಂಬ ಸಾಲು ನುಸುಳಿದ್ದರೆ ಸಹಿ ಹಾಕಬೇಡಿ. ಕಾನೂನು ಓದುವ ಮಗನೋ ಮಗಳೋ ಮನೆಯಲ್ಲಿದ್ದರೆ ಕರಾರನ್ನು ಅವರ ಕೈಗೆ ಕೊಡಿ. ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ಕಲಿಯುತ್ತಾರೆ.

ಮುಂಬಯಿಯ ಸಮೃದ್ಧಿ ಸಹಕಾರಿ ವಸತಿ ಸಂಘದವರು 1997ರಲ್ಲಿ ಮನೆ ಸೇರಿದರು. ಓ.ಸಿ. ಇಲ್ಲದ್ದರಿಂದ ಶೇ. 25 ಹೆಚ್ಚು ಕಂದಾಯ, ಶೇ. 50 ಹೆಚ್ಚು ನೀರಿನ ಶುಲ್ಕ ತೆರಬೇಕಾಯಿತು. ಪರಿಹಾರ ಕೇಳಿದಾಗ ಅವಧಿ ಮೀರಿದೆ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ ದೂರನ್ನು ತಳ್ಳಿಹಾಕಿತು. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ: ಓ.ಸಿ. ಕೊಡದಿರುವುದು ಸೇವಾ ನ್ಯೂನತೆ, ಕೊಡುವವರೆಗೂ ಮುಂದುವರಿಯುವ ತಪ್ಪು.

ಇನ್ನೊಂದು. ಬಿಲ್ಡರ್ ಓ.ಸಿ. ತೋರಿಸಿದರೂ ಪೂರ್ತಿ ಓದಿ. ಅದು ಭಾಗಶಃ ಓ.ಸಿ. ಆಗಿದ್ದು, ನಿಮ್ಮ ಮಹಡಿ ಅದರಲ್ಲಿ ಇಲ್ಲದೆಯೂ ಇರಬಹುದು.